ಸೌದೆಯ ಲೆಕ್ಕ

ಚಿಯಾತುರಾ. ಮ್ಯಾಂಗನೀಸಿನ ಊರು.
ಇಲ್ಲಿ ಹೊಳೆಯೂ ಕಪ್ಪು,
ಒಗೆದ ಬಟ್ಟೆ ಒಣಗುವಷ್ಟರಲ್ಲಿ ಬೂದು.

ಮಧ್ಯಾಹ್ನ ಮಲ್ಖಾಜ್ ನನ್ನನ್ನು ಮೆಟ್ಟಿಲ ಮೂಲೆಗೆ ಕರೆದ.
ಕೈಯಲ್ಲಿ ಎರಡು ಕಿಲೋ ವಾಲ್ನಟ್,
ಬಾಯಲ್ಲಿ ಒಂದೇ ಮಾತು:
"ಅಮ್ಮನಿಗೆ ಪಿತ್ತಕೋಶದ ಕಲ್ಲು ಅನ್ನಿ ಡಾಕ್ಟ್ರೇ.
ಕಲ್ಲು ಅಂದರೆ ಅವಳಿಗೆ ಗೊತ್ತು, ಗಣಿಯವರ ಮಗಳು.
ಆ ಇನ್ನೊಂದು ಹೆಸರು ಬೇಡ."
ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
ವಾಲ್ನಟ್ ಮಾತ್ರ ಇಸಕೊಂಡೆ.

ಅದೇ ಹೂಂ ಆಯಿತೇನೋ.

ಈ ವರ್ಷ ನಮ್ಮ ಆಸ್ಪತ್ರೆಗೊಂದು ಯಂತ್ರ ಬಂದಿದೆ.
ಯಂತ್ರವೆಂದರೆ ಪರದೆ; ಪರದೆಯೊಳಗೆ ತಾಳ್ಮೆ.
ಧರ್ಮಸಂಕಟಗಳನ್ನು ಇದರ ಮುಂದಿಡಿ ಎಂದು ಸುತ್ತೋಲೆ.
ರಾತ್ರಿಪಾಳಿಯಲ್ಲಿ ಇಟ್ಟೆ:
ಹೆಂಗಸು, ಎಪ್ಪತ್ತೊಂದು. ಮೇದೋಜೀರಕ ಗ್ರಂಥಿ.
ಯಕೃತ್ತಿಗೂ ಹಬ್ಬಿದೆ. ಮಗ ಮುಚ್ಚಿಡಿ ಎನ್ನುತ್ತಾನೆ.

ಅದು ತಕ್ಕಡಿ ಹಿಡಿದು ಕೂತಿತು, ಶೆಟ್ಟರ ಅಂಗಡಿಯ ನಿಧಾನದಲ್ಲಿ.
ಈ ತಟ್ಟೆಗೆ ಅವಳ ಹಕ್ಕು, ಆ ತಟ್ಟೆಗೆ ಅವಳ ನೆಮ್ಮದಿ,
ಮಗನ ಅಂಜಿಕೆಗೂ ಒಂದು ಬಟ್ಟು ಹುಡುಕಿತು, ಮೆಚ್ಚಬೇಕು.
ಕೊನೆಗೆ ಕೇಳಿತು:
ಎಷ್ಟು ತಿಳಿಯಬೇಕೆಂದು ಆಕೆಯನ್ನೇ ಕೇಳಿದಿರಾ?

ಕೇಳಿರಲಿಲ್ಲ.
ಅದಕ್ಕೇ ಸಿಟ್ಟು ಬಂತು.

ಎಪ್ಪತ್ತೊಂದನ್ನು ತೊಂಬತ್ತು ಮಾಡಿದೆ.
ಹೃದಯ ದುರ್ಬಲ ಎಂದು ಸೇರಿಸಿದೆ,
ಹಿಂದೊಮ್ಮೆ ಖಿನ್ನತೆ, ಇಲ್ಲದ್ದನ್ನು.
ಮುಳ್ಳು ಕೂದಲೆಳೆಯಷ್ಟು ನನ್ನ ಕಡೆ ವಾಲಿತು.
ಇನ್ನೊಂದು ಸುಳ್ಳು; ಇನ್ನೊಂದು ಕೂದಲು.
ಆಗ ಕಂಡಿತು:
ಒಬ್ಬಳಿಗೆ ಸುಳ್ಳು ಹೇಳಲು ಅಪ್ಪಣೆ ಬೇಡುತ್ತ
ಅಪ್ಪಣೆ ಕೊಡುವುದಕ್ಕೂ ಸುಳ್ಳು ಹೇಳುತ್ತಿದ್ದೇನೆ,
ಎರಡು ಗಂಟೆ ರಾತ್ರಿಯಲ್ಲಿ, ವಾಲ್ನಟ್ ಒಡೆಯುತ್ತ.

ನನ್ನ ಅಪ್ಪನಿಗೆ ನಾವು ಅಲ್ಸರ್ ಅಂದಿದ್ದೆವು.
ಸಾಯುವ ವಾರ ಹೊಸ ಬೂಟಿಗೆ ಅಳತೆ ಕೊಟ್ಟ.
ಇದನ್ನು ಬರೆಯಲಿಲ್ಲ.
ಯಾವ ಕಾಲಮಿನಲ್ಲಿ ಬರೆಯುವುದು?

ಬೆಳಿಗ್ಗೆ ತ್ಸಿಯಾಲಾ ತಲೆ ಬಾಚಿಕೊಂಡು ಎದ್ದು ಕೂತಿದ್ದಳು.
ಮೂವತ್ತೊಂದು ವರ್ಷ ಈ ಕಣಿವೆಯ ರೋಪ್‌ವೇ ನಡೆಸಿದವಳು.
ಹಗ್ಗ ಸವೆದದ್ದನ್ನು ಕಣ್ಣಿಗಿಂತ ಮೊದಲು
ಕಿವಿಯಲ್ಲಿ ಹಿಡಿಯುತ್ತಿದ್ದಳಂತೆ.
ನಾನು ನಮಸ್ಕಾರ ಅಂದೆ, ಅಷ್ಟೇ.
ಅವಳು ತಲೆ ಓರೆ ಮಾಡಿ ಕೇಳಿಸಿಕೊಂಡಳು.

"ಕಲ್ಲಿನ ವಿಷಯ ಇರಲಿ ತಾಯಿ.
ಗುರುವಾರ ಸೌದೆ ಲಾರಿ ಬರುತ್ತೆ.
ಈ ಚಳಿಗಾಲಕ್ಕೆ ಪೂರ್ತಿ ಹಾಕಿಸಲೋ,
ಅರ್ಧ ಸಾಕೋ?"

ಕಿಟಕಿಯಾಚೆ ಹಳೆಯದೊಂದು ಕಬ್ಬಿಣದ ಪೆಟ್ಟಿಗೆ,
ಈಗ ಯಾರೂ ಹತ್ತದ್ದು,
ನಡುಹಗ್ಗದಲ್ಲಿ ನಿಂತಿತ್ತು.

"ಅರ್ಧ" ಅಂದೆ.

ಸಂತೆಯಲ್ಲಿ ಬೆಲೆ ಕೇಳಿ, ಇದರಲ್ಲಿ ಚೌಕಾಸಿ ಇಲ್ಲ
ಎಂದು ತಿಳಿದವಳಂತೆ ತಲೆಯಾಡಿಸಿದಳು.
ಸೆರಗಿಲ್ಲದ ಊರು; ಹೊದಿಕೆಯ ಅಂಚಿನಿಂದ
ಕನ್ನಡಕ ಒರೆಸಿಕೊಂಡಳು. ಒರೆಸಿದ್ದು ಕನ್ನಡಕವನ್ನಷ್ಟೇ.
"ಮಲ್ಖಾಜನಿಗೆ ಹೇಳಬೇಡ.
ನನಗೆ ಗೊತ್ತು ಅಂತ ಗೊತ್ತಾದರೆ ಅವನು ತಡಕೊಳ್ಳಲ್ಲ.
ಅವನ ಪಾಲಿಗೆ ಕಲ್ಲು ಕಲ್ಲಾಗಿಯೇ ಇರಲಿ."

ಅವತ್ತು ಅವನು ಜೇನು ತಂದ.
ನಾನು ಬೇಡವೆಂದೆ. ಅವನಿಗೆ ಗಾಬರಿಯಾಯಿತು.
ಇಸಕೊಂಡೆ.

ರಾತ್ರಿ ಮತ್ತೆ ಪರದೆ ತೆರೆದೆ.
ತಾಯಿಯ ಗುಟ್ಟನ್ನು ಒಂದು ಸಾಲು ಬರೆದು ಅಳಿಸಿದೆ.
ದಿನವಿಡೀ ಕೊರೆದದ್ದು ಅದಲ್ಲ:
ಅರ್ಧವೂ ಹೆಚ್ಚಾಯಿತೇ? ಕಡಿಮೆಯಾಗಿ
ಫೆಬ್ರವರಿಯಲ್ಲಿ ಅವಳು ನಡುಗಿದರೆ?
ಕೇಳಿದೆ, ಈ ಸಲ ಒಂದಕ್ಷರ ಸುಳ್ಳಿಲ್ಲದೆ:
ಒಂದೇ ಕೋಣೆ. ಸಣ್ಣ ತಗಡಿನ ಒಲೆ.
ಬೀಚ್ ಮರ, ಅರೆ ಒಣಗಿದ್ದು.
ಎಷ್ಟು ಸೌದೆ ಬೇಕು?

ಲೆಕ್ಕ ಹಾಕಬಹುದು, ಅಂದಿತು.
ಎಷ್ಟು ತಿಂಗಳಿಗೆ?